ಹಸಿ ವಾಸನೆ

ಕಾದ ಎಣ್ಣೆಗೆ ಬಾಡು ಬಿದ್ದ ಸದ್ದಿಗೆ ಹೊಸಿಲ ಬಳಿ ಮಲಗಿದ್ದ ಬೆಕ್ಕು ಎದ್ದು ಕೂತಿತು. ಕಾಮಾಕ್ಷಮ್ಮ ಒಂದು ಸೌದೆಯನ್ನು ಹಿಂದಕ್ಕೆಳೆದು ಉರಿ ತಗ್ಗಿಸಿದಳು. ಮುಂಜಾನೆ ಊರಿನ ಗಂಡಸರು ಪಾಲು ಸೇರಿ ಕೊಯ್ದಿದ್ದ ಹೋತದ ಗುಡ್ಡೆಬಾಡು ಅದು, ಮುತ್ತುಗದ ಎಲೆಯಲ್ಲಿ ಕಟ್ಟಿಸಿಕೊಂಡು ತಂದದ್ದು. ಗ್ಯಾಸ್ ಒಲೆ ಮನೆಗೆ ಬಂದು ವರ್ಷವಾಗಿತ್ತು. ಆದರೆ ಅದರ ಮೇಲೆ ಕಾಯುತ್ತಿದ್ದದ್ದು ಟೀ ಒಂದೇ.

ಒರಳುಕಲ್ಲಿನ ಮುಂದೆ ಕೂತು ಖಾರ ಅರೆಯುತ್ತಿದ್ದ ಸೊಸೆ ಸೌಜನ್ಯ ಅತ್ತೆಯ ಕೈಯನ್ನೇ ನೋಡುತ್ತಿದ್ದಳು. ಉಪ್ಪನ್ನು ಹಿಡಿಯಲ್ಲಿ ತೆಗೆದುಕೊಂಡು, ಏನೋ ನೆನೆಸಿಕೊಂಡವಳಂತೆ ಎರಡು ಹರಳನ್ನು ಜಾಡಿಗೇ ಹಾಕಿ, ಉಳಿದದ್ದನ್ನು ಪಾತ್ರೆಗೆ ಸುರಿಯುವ ಆ ಕೈ. ಸೌದೆಯನ್ನು ಬೆರಳಷ್ಟು ಒಳಗೆ ನೂಕಿ, ಬೆರಳಷ್ಟು ಹೊರಗೆ ಎಳೆದು, ಉರಿಯನ್ನು ಮಗುವಿನಂತೆ ಹದದಲ್ಲಿಡುವ ಕೈ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಸೌಜನ್ಯ ಕಲಿತದ್ದೆಲ್ಲ ಹೀಗೆ ನೋಡಿಯೇ. ಈ ಹುಡುಗಿಗೆ ಬಾಯಿಗಿಂತ ಕಣ್ಣು ದೊಡ್ಡದು ಎಂದು ನೆಂಟರು ಮದುವೆಯಲ್ಲೇ ನಕ್ಕಿದ್ದರು.

ಅವಳು ಬಂದ ಮೇಲೆ ಇದು ಮೊದಲ ಪಕ್ಷ. ತೀರಿಹೋದ ಮಾವ ತಮ್ಮಯ್ಯನಿಗೆ ಎಡೆ ಇಡುವ ದಿನ. ಎಡೆಯ ಅಡುಗೆಯನ್ನು ಹಿರಿಯರಿಗಿಂತ ಮುಂಚೆ ಯಾರೂ ಬಾಯಿಗಿಡುವಂತಿಲ್ಲ, ಸೌಟಿನ ತುದಿಯನ್ನು ನೆಕ್ಕುವಂತೆಯೂ ಇಲ್ಲ. ಹದವೆಲ್ಲ ಮೂಗಿನಲ್ಲೇ ಗೊತ್ತಾಗಬೇಕು. ಕಾಮಾಕ್ಷಮ್ಮನ ಬಾಡಿನ ಸಾರನ್ನು ಹೊಗಳದ ನೆಂಟರಿರಲಿಲ್ಲ. ಆದರೆ ಈ ವರ್ಷ ಯುಗಾದಿಯ ಮಾರನೆಯ ದಿನ, ಹೊಸತೊಡಕಿನಲ್ಲಿ, ಸಾರು ತಳ ಹಿಡಿದಿತ್ತು. ಮೈದುನ ತಿಮ್ಮಪ್ಪನ ಹೆಂಡತಿ ದ್ಯಾವೀರಮ್ಮ ಅಂದು ಎಲೆಯ ಮುಂದೆಯೇ ಅಂದುಬಿಟ್ಟಿದ್ದಳು: "ಅಕ್ಕನ ಕೈ ಸೋತದೆ. ಪಕ್ಷಕ್ಕೂ ಇಂಗೇ ಆದ್ರೆ ಬಾವನ ಎಡೆ ಇನ್ಮೇಲೆ ಹಿರೀಸಾವೇಲಿ ನಮ್ಮನೇಲೇ ಮಡಗನ. ಕುಕ್ಕರಲ್ಲಿ ನಾಕು ವಿಷಲ್ ಕೂಗುಸುದ್ರೆ ಆಯ್ತಪ್ಪ."

ಆ ರಾತ್ರಿ ಕಾಮಾಕ್ಷಮ್ಮ ಗಂಡನ ಫೋಟೋದ ಗಾಜನ್ನು ಸೆರಗಿನಿಂದ ಒರೆಸುತ್ತ ಬಹಳ ಹೊತ್ತು ನಿಂತಿದ್ದಳು.

ಬಾಡು ತನ್ನ ನೀರನ್ನು ತಾನೇ ಬಿಟ್ಟು, ತಾನೇ ಕುಡಿದು, ಎಣ್ಣೆ ಬಿಡತೊಡಗಿತು. ಅರೆದ ಖಾರ ಬಿತ್ತು. ಕಾಮಾಕ್ಷಮ್ಮ ಮೂರು ಬಾರಿ ತಿರುವಿ, ಸೌಟು ನಿಲ್ಲಿಸಿ ಕರೆದಳು.

"ಬಾ ಇಲ್ಲಿ. ಏನ್ ವಾಸ್ನೆ ಬತ್ತಾ ಅದೆ ಯೋಳು."

ಪರೀಕ್ಷೆ ಎಂದುಕೊಂಡ ಸೌಜನ್ಯ ಖಾರದ ವಾಸನೆ ಎಂದು ಗೊಣಗಿದಳು.

"ಅದು ಗೊತ್ತು ಕಣವ್ವ. ಅಸಿ ವಾಸ್ನೆ ಓಗ್ಯದೋ, ಇಲ್ವೋ?"

ಆ ದನಿಯಲ್ಲಿ ಗದರಿಕೆ ಇರಲಿಲ್ಲ. ಸೌಜನ್ಯ ತಲೆಯೆತ್ತಿದಳು. ಅತ್ತೆ ಪಾತ್ರೆಯ ಮೇಲೆ ಬಗ್ಗಿದ್ದಳು, ಹಬೆ ನೇರ ಮುಖಕ್ಕೆ ನುಗ್ಗುತ್ತಿತ್ತು. ಆ ಖಾರದ ಘಾಟಿಗೆ ಒರಳಿನ ಬಳಿ ಕೂತಿದ್ದ ತನಗೇ ಮೂಗು ಸುರುಗುಟ್ಟಿತ್ತು. ಅತ್ತೆಯ ಮುಖದಲ್ಲಿ ಏನೂ ಅಲುಗಲಿಲ್ಲ. ಮಾಘದ ಚಳಿಯಲ್ಲಿ ಅತ್ತೆಗೆ ಬಂದಿದ್ದ ಜ್ವರ ನೆನಪಾಯಿತು. ಅದಾದ ಮೇಲೆ, ಪಕ್ಕದಲ್ಲೇ ಕೂತಿದ್ದರೂ ಹಾಲು ಸೀದುಹೋದದ್ದು, ಮಲ್ಲಿಗೆ ದಂಡೆ ಕೊಟ್ಟಾಗ ಮೂಸದೆಯೇ ಮುಡಿದದ್ದು. ಒಂದೊಂದನ್ನೂ ಅವಳು ನೋಡಿದ್ದಳು, ಕೂಡಿಸಿ ನೋಡಿರಲಿಲ್ಲ. ಆ ಜ್ವರ ಅತ್ತೆಯ ಮೂಗಿನಿಂದ ವಾಸನೆಯನ್ನೇ ಕೊಂಡೊಯ್ದಿತ್ತು.

ಅಷ್ಟರಲ್ಲಿ ದ್ಯಾವೀರಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ಏನಕ್ಕ, ಸೊಸೆಗೆ ಯೋಳ್ಕೊಡ್ತಾ ಇದ್ದೀಯೋ, ಸೊಸೆ ತಾವ ಕೇಳ್ಕತಾ ಇದ್ದೀಯೋ?"

ಕಾಮಾಕ್ಷಮ್ಮನ ಕೈಯ ಸೌಟು ಪಾತ್ರೆಯ ಅಂಚಿಗೆ ತಾಗಿ ಸದ್ದಾಯಿತು.

ಚಿಕ್ಕತ್ತೆಯ ಎದುರು ಸೌಜನ್ಯ ಅಲ್ಲಿಯವರೆಗೆ ಪೂರ್ತಿ ಒಂದು ಮಾತನ್ನೂ ಆಡಿದವಳಲ್ಲ. ಈಗ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆಯ ಪಕ್ಕಕ್ಕೆ ಬಂದಳು. "ನಂಗೇ ಏನೂ ಬರಕ್ಕಿಲ್ಲ, ಚಿಕ್ಕತ್ತೆ. ಅತ್ತೆ ಕೇಳಿ ಕೇಳಿ ಕಲುಸ್ತಾವ್ರೆ." ಆಮೇಲೆ ಪಾತ್ರೆಗೆ ಬಗ್ಗಿ ಉಸಿರೆಳೆದಳು. "ಬೆಳ್ಳುಳ್ಳಿ ಇನ್ನೂ ಅಸಿ ಅಸಿ ಅಂತದೆ. ಅಲ್ವಾ ಅತ್ತೆ?"

ಕಾಮಾಕ್ಷಮ್ಮ ಅವಳನ್ನು ಒಂದು ಗಳಿಗೆ ನೋಡಿದಳು. "ಊಂ. ಇನ್ನೊಸಿ ಬಾಡ್ಲಿ," ಎಂದು ಸೌದೆಯನ್ನು ಬೆರಳಷ್ಟು ಒಳಗೆ ನೂಕಿದಳು.

ಅಲ್ಲಿಂದ ಮುಂದೆ ಸೌಜನ್ಯ ಒಲೆ ಬಿಟ್ಟು ಅಲುಗಲಿಲ್ಲ. ಧನಿಯ ಘಮ್ಮೆಂದಾಗ ನೀರು ಬಿಡಬಹುದೇ ಎಂದು ಕೇಳಿದಳು. ಸಾರು ತಳ ಹಿಡಿಯುವ ಮೊದಲೇ, ಉರಿ ಜಾಸ್ತಿಯಾಯಿತೇನೋ ಎಂದು ಸಂದೇಹಪಟ್ಟಳು. ಪ್ರತಿ ಸಲವೂ ಕಾಮಾಕ್ಷಮ್ಮ ಗುರುವಿನಂತೆ ಊಂಗುಟ್ಟಿದಳು, ಆಮೇಲೆ ಅವಳ ಕೈ ತಪ್ಪಲಿಲ್ಲ. ಎಷ್ಟು ನೀರು, ಯಾವಾಗ ತಿರುವಬೇಕು, ಮೂಳೆಯ ಬಾಡು ತಳಕ್ಕೆ, ಮೆದುವಾದದ್ದು ಮೇಲಕ್ಕೆ ಹೇಗೆ ಬರಬೇಕು, ಎಲ್ಲ ಆ ಕೈಗೆ ಗೊತ್ತಿತ್ತು. ಬಿಸಿಲು ಹಿತ್ತಲಿನ ನುಗ್ಗೆಮರ ದಾಟುವವರೆಗೂ ಸಾರು ಸಣ್ಣ ಉರಿಯಲ್ಲಿ ಕುದಿಯಿತು. ಕೊನೆಗೆ ಕಾಯಿ, ಗಸಗಸೆ ಅರೆದು ಬಿಟ್ಟದ್ದಾಯಿತು. ಮೂಗಿಯ ಬಾಯಿ ಬಿಡಿಸಿದಳಲ್ಲ ಅಕ್ಕ ಎಂದು ದ್ಯಾವೀರಮ್ಮ ಪಡಸಾಲೆಯಲ್ಲಿ ಆಡಿಕೊಂಡದ್ದು ಒಳಗೂ ಕೇಳಿಸಿತು.

ಫೋಟೋದ ಮುಂದೆ ಎಡೆಯಿಟ್ಟು, ಹಿರಿಯರು ಉಂಡು ಹೋಗಲೆಂದು ಬಾಗಿಲು ಮುಂದೆ ಮಾಡಿ, ಎಲ್ಲರೂ ಜಗಲಿಯಲ್ಲಿ ಕಾದರು. ಆಮೇಲೆ ಎಲೆ ಬಿದ್ದವು. ತಿಮ್ಮಪ್ಪ ಮುದ್ದೆ ಮುರಿದು, ಸಾರಿಗೆ ಅದ್ದಿ ನುಂಗಿದ. ಕಾಮಾಕ್ಷಮ್ಮ ಸೌಟು ಹಿಡಿದೇ ನಿಂತಿದ್ದಳು.

"ಅತ್ಗೆ," ಅಂದ ತಿಮ್ಮಪ್ಪ, ಎರಡನೇ ತುತ್ತು ನುಂಗಿ. "ಅಣ್ಣ ಇನ್ನೆಲ್ಲೂ ಓಗಕ್ಕಿಲ್ಲ. ಮುಂದ್ಲೊರ್ಸನೂ ನಾವೇ ಬತ್ತೀವಿ."

ದ್ಯಾವೀರಮ್ಮ ತನ್ನ ಎಲೆಯನ್ನು ಸೌಟಿನ ಕಡೆಗೆ ಸರಿಸಿದಳು.

ಎಲ್ಲರದ್ದೂ ಆದ ಮೇಲೆ ಅತ್ತೆ ಸೊಸೆ ಆರುತ್ತಿದ್ದ ಒಲೆಯ ಮುಂದೆ ಕೂತರು. ಕಾಮಾಕ್ಷಮ್ಮ ಮುದ್ದೆ ಮುರಿದು ಸಾರಿಗೆ ಅದ್ದಿದಳು. ಬಾಯಿಗಿಡದೆ, ತುತ್ತನ್ನು ಕೈಯಲ್ಲೇ ಹಿಡಿದು, ಸೌಜನ್ಯಳ ಕಡೆ ನೋಡಿದಳು.

"ಮೊದ್ಲು ಮೆಣಸಿನ ಖಾರ ಅತ್ತೆ," ಎಂದಳು ಸೌಜನ್ಯ, ತನ್ನ ತುತ್ತು ನುಂಗಿ, ಮೆಲ್ಲಗೆ. "ಅದ್ರ ಇಂದ್ಗುಟ್ಟೇ ಚಕ್ಕೆ. ಆಮೇಲೆ ಗಂಟ್ಲಿಗೆ ಇಳಿಬೇಕಾದ್ರೆ ಗಸಗಸೆ, ಹಾಲು ಕುಡುದಂಗೆ. ಒಸಿ ಹೊಗೆ ವಾಸ್ನೆನೂ ಅದೆ, ಹುಣಸೆ ಸೌದೇದು."

ಕಾಮಾಕ್ಷಮ್ಮ ಕಣ್ಣು ಮುಚ್ಚಿ ನುಂಗಿದಳು. ಮತ್ತೊಂದು ತುತ್ತು ಮುರಿದು, ಅದ್ದಿ, ಬಾಯ ಹತ್ತಿರ ಹಿಡಿದು ಕಾದಳು.