ಪಟ್ಟಿಯಲ್ಲಿದ್ದ ಇಸ್ತ್ರಿಯವಳು

"ಹಲ್ಲು ನೋಯ್ತದೆ ಅಂದ್ರೆ ಕೈಗೇನು ಬಂತೇ ರೋಗ? ಇಸ್ತ್ರಿ ಪೆಟ್ಟಿಗೇನ ಹಲ್ಲಲ್ಲಿ ಕಚ್ಕೊಂಡು ತಿಕ್ತೀಯಾ?"

ಲಾಂಡ್ರಿ ಯಜಮಾನ ಹೀಗೆ ಅಂದದ್ದಕ್ಕೆ ಪಕ್ಕದಲ್ಲಿ ಕೂತಿದ್ದ ಅವನ ಭಾವಮೈದ ಕಿಸಕ್ಕನೆ ನಕ್ಕ. ಇಸ್ತ್ರಿಯಕ್ಕ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ಎಡಗೆನ್ನೆಯ ಬಾವು ಕಣ್ಣಿನ ತನಕ ಏರಿತ್ತು. ನಕ್ಕರೂ ಅತ್ತರೂ ಎಳೆಯುವುದು ಅದೇ ಕೆನ್ನೆ.

"ಕಾರ್ಡ್ ಕೊಡಿ ಅಂತ ಕೇಳ್ದೆ ಅಷ್ಟೆ ಸಾರ್. ನಾಕು ತಿಂಗಳಿಂದ ಸಂಬಳದಲ್ಲಿ ಹಿಡೀತಿದೀರಲ್ಲ."

"ಬಂದಾಗ ಬರುತ್ತೆ. ವಿಮೆ ಅಂದ್ರೆ ನಿಮ್ಮಪ್ಪ ಇಟ್ಟು ಹೋದ ಗಂಟು ಅಂದ್ಕೊಂಡ್ಯಾ? ನಡಿ, ನಾಕು ಗಂಟೆ ವ್ಯಾನಿಗೆ ಇನ್ನೂರು ಶೀಟು ಹೋಗ್ಬೇಕು."

ಅವಳು ನಡೆದಳು. ಒಂಬತ್ತು ವರ್ಷದಿಂದ ಅದೇ ಮೇಜು, ಅದೇ ಹಬೆ, ದೊಡ್ಡ ಹೋಟೆಲಿನಿಂದ ಬರುವ ಅವೇ ಬಿಳೀ ಶೀಟುಗಳು. ನಿಂತು ನಿಂತು ಕಾಲಿನ ನರ ಹುರಿಗಟ್ಟಿದ್ದವು. ಅದರ ಮೇಲೆ ಈಗ ಈ ಹಲ್ಲು. ಪೆಟ್ಟಿಗೆ ಒತ್ತಿದಾಗಲೆಲ್ಲ ದವಡೆಯೊಳಗೆ ಯಾರೋ ಮೊಳೆ ಹೊಡೆದ ಹಾಗಾಗುತ್ತಿತ್ತು.

ವಿಮೆಯ ಮಾತು ಶುರುವಾದದ್ದು ಆ ಹೋಟೆಲಿನಿಂದಲೇ. ಕೆಲಸದವರಿಗೆ ಹಲ್ಲಿನ ವಿಮೆಯೋ ಕಣ್ಣಿನ ವಿಮೆಯೋ ಮಾಡಿಸಿದ ಲಾಂಡ್ರಿಗೇ ಇನ್ನು ಮುಂದೆ ಒಗೆಯಲು ಬಟ್ಟೆ ಕೊಡುವುದು ಅಂತ ಅವರು ಕಾಗದ ಕಳಿಸಿದ್ದರು. ಅವತ್ತು ಯಜಮಾನ ಎಂಟೂ ಜನರನ್ನು ಸಾಲಾಗಿ ನಿಲ್ಲಿಸಿಕೊಂಡು, "ನನ್ನಂಥ ಸಣ್ಣ ವ್ಯಾಪಾರಿಗೆ ಇದು ತಲೆ ಮೇಲೆ ಚಪ್ಪಡಿ ಕಲ್ಲು. ಆದ್ರೂ ನಿಮಗೋಸ್ಕರ ಹೊರ್ತೀನಿ. ಅರ್ಧ ನಂದು, ಅರ್ಧ ನಿಮ್ದು" ಅಂದಿದ್ದ. ಗೀಚಿ ಗೀಚಿ ಲೆಕ್ಕ ಹಾಕಿ ತೋರಿಸಿದ್ದ. ತಿಂಗಳಿಗೆ ಒಂದೂವರೆ ದಿನದ ಕೂಲಿ ಹೋಗುತ್ತಿತ್ತು.

ಬಟ್ಟೆ ಮಡಚುವ ತಾತ ಒಬ್ಬನೇ ಬಾಯಿ ಬಿಟ್ಟವನು. "ಸಾಮಿ, ನಂಗಿರೋದು ಮೂರೇ ಹಲ್ಲು. ಮೂರರ ದುಡ್ಡು ಹಿಡ್ಕೊಂಡ್ರೆ ಸಾಲ್ದಾ?"

"ತಲೆ ಲೆಕ್ಕ ಕಣೋ ಮುದಿಯ, ಹಲ್ಲಿನ ಲೆಕ್ಕ ಅಲ್ಲ." ಎಲ್ಲರೂ ನಕ್ಕಿದ್ದರು. ಹೆಬ್ಬೆಟ್ಟು ಒತ್ತುವವರು ಒತ್ತಿದರು, ಸಹಿ ಹಾಕುವವರು ಹಾಕಿದರು.

ಕಾರ್ಡ್ ಕೇಳಿದ ಮಾರನೆ ದಿನಕ್ಕೆ ಇಸ್ತ್ರಿಯಕ್ಕನಿಗೆ ಗಂಜಿ ಕುಡಿಯಲೂ ಬಾಯಿ ತೆರೆಯಲಾಗಲಿಲ್ಲ. "ಅಮ್ಮಾ, ನೀನು ಮಾತಾಡಿದ್ರೆ ನಾತ ಬರುತ್ತೆ" ಅಂದಳು ಮಗಳು, ಹೆದರಿಕೊಂಡೇ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಇಸ್ತ್ರಿಯಕ್ಕ ಸೆರಗಿನಿಂದ ಕೆನ್ನೆ ಮುಚ್ಚಿಕೊಂಡು ಹಿಂದಿನ ಬೀದಿಯ ಹಲ್ಲಿನ ಡಾಕ್ಟರ ಹತ್ತಿರ ಹೋದಳು.

ಬಾಗಿಲಲ್ಲಿ ಕನ್ನಡಕದ ಹುಡುಗಿಯೊಬ್ಬಳು ಕಂಪ್ಯೂಟರ್ ಮುಂದೆ ಕೂತಿದ್ದಳು. ಎಲ್ಲಿ ಕೆಲಸ ಅಂತ ಕೇಳಿ, "ಓ, ಆ ಲಾಂಡ್ರೀನಾ? ಅವರ ವಿಮೆ ಪಟ್ಟಿ ನಮ್ಮಲ್ಲೇ ಇದೆ. ಕಾರ್ಡ್ ಇಲ್ದಿದ್ರೂ ನಡೆಯುತ್ತೆ, ಕೂತ್ಕೊಳ್ಳಿ" ಅಂದಳು. ಆ ಒಂದು ಮಾತಿಗೇ ಇಸ್ತ್ರಿಯಕ್ಕನ ಅರ್ಧ ನೋವು ಇಳಿದಂತಾಯಿತು.

ಹುಡುಗಿ ಹುಡುಕಿದಳು. ಮತ್ತೊಮ್ಮೆ ಹುಡುಕಿದಳು. "ನಿಮ್ಮ ಹೆಸರಿಲ್ವಲ್ಲ ಆಂಟಿ."

"ಇಸ್ತ್ರಿ ಕೆಲಸ ಅಂತ ಇರ್ಬೇಕು, ನೋಡವ್ವ."

"ಇಸ್ತ್ರಿ ಕೆಲಸ ಅಂತ ಒಬ್ರೇ ಇರೋದು. ವಯಸ್ಸು ಎಪ್ಪತ್ತೆರಡು. ಹೋದ ತಿಂಗಳು ಬಂದು ಮೇಲಿಂದೂ ಕೆಳಗಿಂದೂ ಪೂರ್ತಿ ಹಲ್ಲು ಸೆಟ್ ಕಟ್ಟಿಸ್ಕೊಂಡು ಹೋದ್ರು. ಕಾರಲ್ಲಿ..." ಹುಡುಗಿ ಅಲ್ಲಿಗೇ ತಡೆದಳು. ಆಮೇಲೆ ಅತ್ತ ಇತ್ತ ನೋಡಿ ಪರದೆಯನ್ನು ಒಂದಿಷ್ಟು ಈ ಕಡೆ ತಿರುಗಿಸಿದಳು.

ಇಸ್ತ್ರಿಯಕ್ಕ ಏಳನೇ ಕ್ಲಾಸಿನ ತನಕ ಓದಿದವಳು. ಕೆಲಸದ ಎದುರಿಗಿದ್ದ ಹೆಸರುಗಳನ್ನು ನಿಧಾನ ಓದಿದಳು; ಎಲ್ಲ ಗೊತ್ತಿದ್ದ ಹೆಸರುಗಳೇ. ಇಸ್ತ್ರಿಯವಳು, ಯಜಮಾನನ ತಾಯಿ. ಮೆಷಿನ್ನಿಗೆ ಬಟ್ಟೆ ಹಾಕುವವಳು, ಅವನ ಹೆಂಡತಿ. ಮಡಚುವವನು, ಆ ಭಾವಮೈದ. ಸೋಪು ಕಲಸುವವಳು, ಕಾಲೇಜಿಗೆ ಹೋಗುವ ಮಗಳು. ಎಂಟು ತಲೆ. ಎಂಟೂ ಅವನ ಮನೆಯವೇ.

ಡಾಕ್ಟರು ಬಾಯಿ ನೋಡಿ, ಕೀವು ಕಟ್ಟಿದೆ, ಇವತ್ತೇ ತೆಗೀಬೇಕು, ಬಿಟ್ಟರೆ ರಕ್ತಕ್ಕೆ ಹೋಗುತ್ತೆ ಅಂದರು. ಅವರು ಹೇಳಿದ ಮೊತ್ತ ಅವಳ ಅರ್ಧ ತಿಂಗಳ ದುಡಿಮೆ. "ಬರ್ತೀನಿ ಸಾರ್" ಅಂತ ಎದ್ದು ಬಂದಳು. ಹೊರಗೆ ಹುಡುಗಿ ತನ್ನ ಬ್ಯಾಗಿನಿಂದ ಎರಡು ನೋವಿನ ಮಾತ್ರೆ ತೆಗೆದು ಅವಳ ಅಂಗೈಗೆ ತುರುಕಿದಳು. "ನಾನು ತೋರ್ಸಿದ್ದು ಅಂತ ಹೇಳ್ಬೇಡಿ."

ಲಾಂಡ್ರಿಗೆ ಬಂದು ಅವಳು ಕಿರುಚಾಡಲಿಲ್ಲ. ಅಷ್ಟು ತ್ರಾಣವೂ ಇರಲಿಲ್ಲ. ಯಾರು ತೋರಿಸಿದರು ಅಂತ ಹೇಳದೆ, ಮೇಜಿಗೆ ಒರಗಿ ನಿಂತು ತಾತನಿಗೆ ವಿಷಯವಷ್ಟನ್ನು ಹೇಳಿದಳು. ಮೆಷಿನ್ನಿನ ಹೆಂಗಸರು ಕೈ ಒರೆಸಿಕೊಂಡು ಹತ್ತಿರ ಬಂದರು.

ತಾತ ಕೈಯಲ್ಲಿದ್ದ ಶೀಟನ್ನು ಕೆಳಗಿಟ್ಟ. "ಹಂಗಾದ್ರೆ ಆ ಮುದುಕಿ ಬಾಯಲ್ಲಿರೋದು ನಮ್ಮ ಹಲ್ಲು ಕಣವ್ವ" ಅಂದ. ಈ ಸಲ ಯಾರೂ ನಗಲಿಲ್ಲ.

ಮೂರೂವರೆಗೆ ಯಜಮಾನ ಒಳಗೆ ಬಂದಾಗ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿತ್ತು. ಇಸ್ತ್ರಿಯಾದ ಶೀಟುಗಳು ಎದೆಮಟ್ಟ ಪೇರಿಸಿದ್ದವು, ಆಗಬೇಕಾದವು ಬುಟ್ಟಿಯಲ್ಲೇ ಇದ್ದವು.

"ಏನೇ ಇದು? ಯಾವ ಸಂಭ್ರಮಕ್ಕೆ ನಿಂತಿದೀಯ?"

"ಇಸ್ತ್ರಿಯವ್ರು ಇನ್ನೂ ಬಂದಿಲ್ಲ ಸಾರ್. ನಿಮ್ಮ ತಾಯೀನ ಕರೀರಿ."

ಅವನ ಮುಖ ಒಂದು ಗಳಿಗೆ ಬಿಳಿಚಿತು. ಮರುಗಳಿಗೆಗೆ ಕೆಂಪೇರಿತು. "ಬೋಳಿಮುಂಡೆ, ಯಾರೇ ನಿನಗೆ ಹೇಳಿದ್ದು? ವಿಮೆ ಕಟ್ಟೋಕೆ ಎಷ್ಟಾಗುತ್ತೆ ಗೊತ್ತೇನೇ? ನಿಮ್ಮ ಹೆಸರು ಬರೆದ್ರೆ ನಾಳೆ ಪಿಂಚಣಿ ಅಂತೀರಿ, ರಜೆ ಅಂತೀರಿ. ಎಲ್ಲಿಂದ ತರ್ಲಿ? ಅನ್ನ ಹಾಕ್ತಿರೋದು ಸಾಲ್ದಾ?"

"ಅಗಿಯೋಕಾಗಲ್ಲ ಸಾರ್ ಆ ಅನ್ನ" ಅಂದಳು ಅವಳು.

"ಮಡಚೋರು ನೀವಲ್ವಾ ಸಾಮಿ?" ತಾತ ಭಾವಮೈದನಿಗೆ ಶೀಟಿನ ತುದಿ ಚಾಚಿದ. "ಹಿಡ್ಕಳಿ ಈ ಕಡೆ." ಭಾವಮೈದ ಹಿಂದಕ್ಕೆ ಸರಿದ. ಮೆಷಿನ್ನುಗಳು ಒಂದೊಂದಾಗಿ ನಿಂತವು. ಒಳಗಿನ ನೀರು ಗೊಳಗೊಳ ಅಂತ ಇಳಿದು ಹೋಗುವುದು ಕೇಳಿಸುತ್ತಿತ್ತು.

"ನಾಳೆ ಬೆಳಗ್ಗೆ ನಿಮ್ಮ ಜಾಗಕ್ಕೆ ಹದಿನಾರು ಜನ ಬರ್ತಾರೆ, ನೆನಪಿಟ್ಕೊಳ್ರೋ ದರಿದ್ರದವ್ರಾ!"

ಬರುತ್ತಾರೆ ಅಂತ ಅವರಿಗೆ ಗೊತ್ತಿತ್ತು. ಗೇಟಿನಾಚೆ ದಿನಾ ನಾಲ್ಕು ಜನ ಕೆಲಸ ಕೇಳಿಕೊಂಡು ನಿಂತಿರುತ್ತಿದ್ದರು. ಆದರೂ ಯಾರೂ ಕದಲಲಿಲ್ಲ.

ವ್ಯಾನು ಬಂದು ಹಾರನ್ ಹೊಡೆಯಿತು. ಅದೇ ಹೊತ್ತಿಗೆ ಇಸ್ತ್ರಿಯಕ್ಕನ ದವಡೆಯೊಳಗೆ ಏನೋ ಒಡೆಯಿತು. ಬೆಚ್ಚಗೆ, ಉಪ್ಪುಪ್ಪಾಗಿ, ನಾರುತ್ತ ಬಾಯಿ ತುಂಬಿಕೊಂಡಿತು. ಮೋರಿ ಇದ್ದದ್ದು ಆರೇ ಹೆಜ್ಜೆ ದೂರದಲ್ಲಿ. ಅವಳು ಆ ಕಡೆ ಒಮ್ಮೆ ನೋಡಿದಳು. ಯಜಮಾನನನ್ನೂ ನೋಡಿದಳು. ಆಮೇಲೆ ತಾನೇ ಬೆಳಗಿನಿಂದ ತಿಕ್ಕಿದ ಬಿಳೀ ರಾಶಿಯ ಮೇಲೆ ಎರಡೂ ಕೈ ಊರಿ, ಬಗ್ಗಿ, ಬಾಯಲ್ಲಿದ್ದುದನ್ನೆಲ್ಲ ಅಲ್ಲೇ ಉಗಿದಳು.

ಕೀವು, ರಕ್ತ. ಮೇಲಿನ ಶೀಟಿಗೆ ಹರಡಿ, ಅದರ ಕೆಳಗಿನದಕ್ಕೆ ಇಳಿಯಿತು, ಅದರ ಕೆಳಗಿನದಕ್ಕೂ. ಹೊರಗೆ ವ್ಯಾನಿನವನು ಹಾರನ್ ಮೇಲಿಂದ ಕೈ ತೆಗೆಯಲೇ ಇಲ್ಲ.