ಹೂವಿನ ಹಿಂದಿನ ಪರದೆ

"ಹೂವು ಈ ಕಡೆ ಇದೆಯಲ್ಲ ಸ್ವಾಮಿ, ನೀವು ಬರೀ ಎಲೆ ನೋಡ್ತಿದೀರ," ಎಂದರು ಸಿದ್ದಗಂಗಮ್ಮ.

ಬಗ್ಗಿ ಕ್ಯಾಮೆರಾದ ಗಾಜು ನೋಡುತ್ತಿದ್ದ ಗಂಗಹನುಮಯ್ಯ ತಟ್ಟನೆ ತಲೆಯೆತ್ತಿದ. "ಬೆಳಕು ನೋಡ್ತಿದ್ದೆ ಕಣಮ್ಮ," ಎಂದು ಜಾರಿಕೊಂಡ. ಬೆಳಕೂ ಇಲ್ಲ, ಮಣ್ಣೂ ಇಲ್ಲ. ಹೂವು ಎಲ್ಲಿದೆ ಎಂಬುದೇ ಅವನಿಗೆ ಗೊತ್ತಾಗಿರಲಿಲ್ಲ. ಗೂಳೂರಿನ ಆ ಹಿತ್ತಲಲ್ಲಿ, ಒಂದು ಮಾರು ದೂರದಲ್ಲಿ, ಊರೆಲ್ಲ ಹೊಗಳುವ ಕೆಂಪು ಗುಲಾಬಿ ಅರಳಿ ನಿಂತಿತ್ತು. ಅವನ ಪಾಲಿಗೆ ಅದು ಎಲೆಗಳ ನಡುವೆ ಇನ್ನೊಂದು ಎಲೆಯಾಗಿ ಕಲೆತುಹೋಗಿತ್ತು.

ಗಂಗಹನುಮಯ್ಯನಿಗೆ ಹುಟ್ಟಿನಿಂದಲೂ ಕೆಂಪು, ಹಸಿರು ಒಂದೇ. ಎರಡೂ ಹುಣಿಸೆಹಣ್ಣು ಕಿವುಚಿದ ನೀರಿನ ಹಾಗೆ. ನೀಲಿ, ಹಳದಿ ಮಾತ್ರ ಎಲ್ಲರಂತೆ ಕಾಣುತ್ತಿದ್ದವು. ಹುಡುಗನಾಗಿದ್ದಾಗ ಹಣ್ಣು ಮೆಣಸಿನಕಾಯಿ ಬಿಡಿಸಿಕೊಂಡು ಬಾ ಎಂದರೆ ಮಂಕರಿ ತುಂಬ ಹಸಿಕಾಯಿ ತಂದು ಅಪ್ಪನಿಂದ ಏಟು ತಿಂದಿದ್ದ. ಅವತ್ತು ಬಾಯಿ ಹೊಲಿದುಕೊಂಡವನು ಕಟ್ಟಿಕೊಂಡ ಹೆಂಡತಿಗೂ ಈ ಗುಟ್ಟು ಹೇಳಲಿಲ್ಲ. ಗುಬ್ಬಿ ಬಸ್ ಸ್ಟ್ಯಾಂಡಿನ ಎದುರು ಸ್ಟುಡಿಯೋ ಇಟ್ಟು ಇಪ್ಪತ್ತೈದು ವರ್ಷ ಕಪ್ಪು-ಬಿಳುಪಿನಲ್ಲಿ ಮರ್ಯಾದೆಯಾಗಿ ಬದುಕಿದ. ಬಿಳಿ ಅಂಗಿಯವರನ್ನು ಕಪ್ಪು ಪರದೆಯ ಮುಂದೆ, ಕರಿ ಕೋಟಿನವರನ್ನು ಬಿಳಿ ಪರದೆಯ ಮುಂದೆ ಕೂರಿಸುವುದರಲ್ಲಿ ಅವನನ್ನು ಮೀರಿಸಿದವರು ತಾಲ್ಲೂಕಿನಲ್ಲೇ ಇರಲಿಲ್ಲ.

ಆದರೆ ಇದು ಎಂಬತ್ತಮೂರನೇ ಇಸವಿ. ಮದುವೆಯವರೆಲ್ಲ ಕಲರೇ ಬೇಕು ಅನ್ನತೊಡಗಿದ್ದರು. ಕಲರ್ ನಾಲ್ಕು ದಿನಕ್ಕೆ ಮಾಸಿಹೋಗುತ್ತದೆ ಎಂದು ನೆಪ ಹೇಳಿ ಕಳಿಸುತ್ತಿದ್ದ; ಹೋದವರು ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ತುಮಕೂರಿನ ಊದುಬತ್ತಿ ವ್ಯಾಪಾರಿ ಶಿವರಾಮಯ್ಯ, ತಮ್ಮ ಕ್ಯಾಲೆಂಡರಿಗೆ ಸಿದ್ದಗಂಗಮ್ಮನವರ ತೋಟದ ಹನ್ನೆರಡು ಹೂವಿನ ಕಲರ್ ಫೋಟೋ ಬೇಕೆಂದು ಹೇಳಿಕಳಿಸಿದರು. ಆಗುವುದಿಲ್ಲ ಎಂದರೆ ಸ್ಟುಡಿಯೋಗೆ ಬೀಗ, ಆಗಲಿ ಎಂದರೆ ಗುಟ್ಟು ಬಯಲು. ಬಾಯಿಗೆ ಬಿದ್ದ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಹೂಂ ಎಂದುಬಿಟ್ಟ. ರೀಲಿನಲ್ಲಿರುವುದೂ ಹನ್ನೆರಡೇ ಚಿತ್ರ. ಒಂದು ಕೆಟ್ಟರೂ ಒಂದು ತಿಂಗಳು ಖಾಲಿ.

"ಎಲೆ ಬೇಡಮ್ಮ," ಎಂದ ಈಗ. "ಹೂವಿನ ಹಿಂದ್ಗಡೆ ಬೇರೆ ಏನಾರ ಹಿಡೀಬೇಕು. ಕರಿ ಕಂಬಳಿ ಐತಾ ಮನೇಲಿ?"

"ಕೆಂಪು ಹೂವಿಗೆ ಹಸಿರು ಎಲೆಗಿಂತ ಇನ್ನೇನ್ರೀ ಬೇಕು? ಆ ಶಿವನೇ ಹಿಡಿದವ್ನಲ್ಲ ಪರದೆ!"

ಗಂಗಹನುಮಯ್ಯ ಒರೆಸಿದ ಲೆನ್ಸನ್ನೇ ಮತ್ತೆ ಒರೆಸಿದ. ಸಿದ್ದಗಂಗಮ್ಮ ಕುಣಿಗಲ್ಲಿನ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳ ಸುಳ್ಳು ಹಿಡಿದು ನಿವೃತ್ತರಾದ ಹೆಂಗಸು. ಅವನ ಮುಖವನ್ನೇ ನೋಡಿದರು.

"ಆ ಮೂಲೇಲಿ ದಾಸವಾಳದ ಗಿಡ ಇದೆಯಲ್ಲ, ಎಷ್ಟು ಹೂವು ಬಿಟ್ಟಿದೆ ಎಣಿಸಿ ನೋಡೋಣ."

ಅವನು ಕಣ್ಣು ಕಿರಿದು ಮಾಡಿ ನೋಡಿದ. "ಮೂರು," ಎಂದ.

"ಹದಿನಾಲ್ಕು," ಎಂದರು ಸಿದ್ದಗಂಗಮ್ಮ.

ಗಂಗಹನುಮಯ್ಯ ಕ್ಯಾಮೆರಾವನ್ನು ಸ್ಟ್ಯಾಂಡಿನಿಂದ ಬಿಚ್ಚತೊಡಗಿದ. ಸಂಜೆಯೊಳಗೆ ಸುದ್ದಿ ತುಮಕೂರು ಮುಟ್ಟುತ್ತದೆ, ನಾಳೆ ಗುಬ್ಬಿ ಮುಟ್ಟುತ್ತದೆ ಎಂದು ಅವನ ಮನಸ್ಸು ಆಗಲೇ ಓಡುತ್ತಿತ್ತು.

"ಅದ್ಯಾಕ್ ಬಿಚ್ತೀರ? ನಮ್ಮಣ್ಣನೂ ನಿಮ್ಮಂಗೇ ಇದ್ದ. ರೈಲ್ವೆ ಕೆಲಸಕ್ಕೆ ಹೋದಾಗ ಡಾಕ್ಟ್ರು ಬಣ್ಣದ ಚುಕ್ಕೆ ತೋರ್ಸಿ ವಾಪಸ್ ಕಳಿಸಿದ್ರು. ಬೇಸಾಯ ಮಾಡ್ಕೊಂಡು ಚೆನ್ನಾಗೇ ಬಾಳಿದ. ಟೊಮೆಟೊ ಮಾತ್ರ ಅಮುಕಿ ನೋಡಿ ಕೀಳ್ತಿದ್ದ. ಅದಕ್ಕೇನೀಗ?"

ಅದಕ್ಕೇನೀಗ ಎಂದು ಐವತ್ತು ವರ್ಷದಲ್ಲಿ ಯಾರೂ ಅವನಿಗೆ ಹೇಳಿರಲಿಲ್ಲ. ಹೇಳುವುದಕ್ಕೆ ಅವನು ಬಿಟ್ಟಿದ್ದರೆ ತಾನೆ! ಬಾವಿಕಟ್ಟೆಯ ಮೇಲೆ ಕುಸಿದು ಕೂತ. ಅಳು ಬರುತ್ತದೆ ಅಂದುಕೊಂಡ, ನಗು ಬಂತು. ಸಿದ್ದಗಂಗಮ್ಮ ಒಂದು ಚೊಂಬು ನೀರು ತಂದುಕೊಟ್ಟರು. ಗಟಗಟನೆ ಕುಡಿದು ಎದ್ದಾಗ ಮೈಯೆಲ್ಲ ಹಗುರಾಗಿತ್ತು.

"ಹೂವಿನ ಬಣ್ಣ ನಾನ್ ಹೇಳ್ತೀನಿ. ಹಿಂದೆ ಏನಿರಬೇಕು ಅಂತ ನೀವು ಹೇಳಿ," ಎಂದರು.

ಅದು ಅವನಿಗೆ ಗೊತ್ತಿದ್ದ ವಿದ್ಯೆ. ಬಣ್ಣ ತಿಳಿಯದಿದ್ದರೇನು, ಯಾವುದು ಗಾಢ, ಯಾವುದು ತಿಳಿ ಎಂಬುದು ಅವನ ಕಣ್ಣಿಗೆ ತಕ್ಕಡಿ ಹಿಡಿದಷ್ಟು ಖಚಿತ. ದುಂಡುಮಲ್ಲಿಗೆಗೆ ಕಂಬಳಿ ಬೇಕೆಂದ. "ಪೂಜೆ ಗದ್ದುಗೆಗೆ ಹಾಸೋ ಕಂಬಳಿ ಕಣ್ರೀ, ನೆಲಕ್ಕೆ ತಾಗಬಾರದು," ಎಂದು ಸಿದ್ದಗಂಗಮ್ಮ ತಾವೇ ಕೈಯೆತ್ತಿ ಹಿಡಿದು ನಿಂತರು. ಹಳದಿ ಸೇವಂತಿಗೆಯ ಕುಂಡವನ್ನು ಹಿತ್ತಲ ನೀಲಿ ಬಾಗಿಲ ಮುಂದಕ್ಕೆ ಎಳೆದ. ದಾಸವಾಳದ ಕೊಂಬೆಯನ್ನು ಸುಣ್ಣದ ಗೋಡೆಯ ಕಡೆಗೆ ಬಾಗಿಸಿ ದಾರ ಕಟ್ಟಿದ. ಕೆಂಪು ಗುಲಾಬಿಗೆ ಮಾತ್ರ ಯಾವುದೂ ಒಪ್ಪಲಿಲ್ಲ. ಮೊರ ಹಿಡಿಸಿ ನೋಡಿದ, ಪಂಚೆ ಹಿಡಿಸಿ ನೋಡಿದ. ಕೊನೆಗೆ ಪಾತಿಯ ಒದ್ದೆ ಮಣ್ಣಿನ ಮೇಲೆ ಅಂಗಾತ ಮಲಗಿ, ಕ್ಯಾಮೆರಾವನ್ನು ಎದೆಯ ಮೇಲಿಟ್ಟುಕೊಂಡು, ಹೂವಿನ ಹಿಂದೆ ಬರೀ ಆಕಾಶ ಬರುವ ಹಾಗೆ ಮಾಡಿದ. ಒಂದೊಂದು ಎಸಳೂ ಬಿಡಿಬಿಡಿಯಾಗಿ ಕಂಡಿತು. ಅಂಥ ಗುಲಾಬಿಯನ್ನು ಅವನು ಅಲ್ಲಿಯತನಕ ನೋಡಿರಲಿಲ್ಲ.

ಹತ್ತು ದಿನಕ್ಕೆ ಪ್ರಿಂಟುಗಳು ಬೆಂಗಳೂರಿನಿಂದ ಬಂದವು. ತಾನು ನೋಡಿ ತಿಳಿಯುವುದೇನಿದೆ ಎಂದು ಗಂಗಹನುಮಯ್ಯ ಲಕೋಟೆ ಬಿಚ್ಚದೆ ಸೀದಾ ತುಮಕೂರಿಗೆ ಒಯ್ದ. ಶಿವರಾಮಯ್ಯ ಗಲ್ಲಾಪೆಟ್ಟಿಗೆಯ ಮೇಲೆ ಒಂದೊಂದಾಗಿ ಹರಡಿದರು.

"ಈ ಮಲ್ಲಿಗೆ ಪಕ್ಕ ಯಾರದೋ ಬೆರಳು ಬಂದೈತೆ."

"ಕತ್ತರಿಸಿದ್ರೆ ಆಯ್ತು ಸ್ವಾಮಿ."

"ಹೂಂ." ಗುಲಾಬಿಯ ಚಿತ್ರಕ್ಕೆ ಬಂದಾಗ ಅವರ ಕೈ ನಿಂತಿತು. "ಏನ್ರೀ ಇದು! ಬೇರೆಯವ್ರು ತೆಗೆದ್ರೆ ಹೂವು ಎಲೇಲಿ ಹೂತೋಗಿರುತ್ತೆ. ಇದು ಕೈ ಚಾಚಿದ್ರೆ ಸಿಗೋ ಹಂಗೈತಲ್ಲ. ನಮ್ಮ ಹುಡುಗಿ ಮದುವೆಗೂ ನೀವೇ ಬರ್ಬೇಕು. ಕಲರೇ ಆಗ್ಬೇಕು, ಈಗ್ಲೇ ಹೇಳಿದೀನಿ."

ಹೇಳಿಬಿಡಲೇ ಎನ್ನಿಸಿತು. "ಬರ್ತೀನಿ ಸ್ವಾಮಿ," ಎಂದಷ್ಟೇ ಹೇಳಿ ಗುಬ್ಬಿಯ ಬಸ್ಸು ಹತ್ತಿದ. ದಾರಿಯುದ್ದಕ್ಕೂ ನೆಮ್ಮದಿ ಅರ್ಧ, ಮುಳ್ಳು ಅರ್ಧ.

ಸೋಮವಾರ ಬೋರ್ಡು ಬರೆಯುವ ಚಿಕ್ಕಬೋರಯ್ಯ ಸ್ಟುಡಿಯೋ ಮುಂದೆ ಏಣಿ ಹಾಕಿದ. ಹಳೆಯ ಹೆಸರಿನ ಕೆಳಗೆ 'ಕಲರ್ ಫೋಟೋ ತೆಗೆಯಲಾಗುವುದು' ಎಂದು ಬರೆಯಬೇಕಿತ್ತು. ಪಕ್ಕದ ಹೋಟೆಲಿನ ಬೆಂಚಿನಲ್ಲಿ ನಾಲ್ಕೈದು ಜನ ಟೀ ಕುಡಿಯುತ್ತಿದ್ದರು. ಗಂಗಹನುಮಯ್ಯನ ಹೆಂಡತಿ ರಂಗಲಕ್ಷ್ಮಮ್ಮ ಊಟದ ಕ್ಯಾರಿಯರ್ ಹಿಡಿದು ಆಗಷ್ಟೇ ಬಂದಿದ್ದಳು.

"ಕೆಂಪಲ್ಲಿ ಬರೀಲಾ, ಹಸ್ರಲ್ಲಿ ಬರೀಲಾ ಅಣ್ಣ?" ಎಂದು ಚಿಕ್ಕಬೋರಯ್ಯ ಮೇಲಿನಿಂದ ಕೇಳಿದ.

ಯಾವಾಗಲೂ ಆಗಿದ್ದರೆ ನೀಲಿ ಎಂದು ಪಾರಾಗುತ್ತಿದ್ದ. "ಯಾವ್ದಾರ ಬರಿಯಪ್ಪ," ಎಂದ. "ನಂಗೆ ಎರಡೂ ಒಂದೇ ತರ ಕಾಣ್ತವೆ, ಹುಟ್ಟಿದಾಗಿಂದ್ಲೂ."

ತಾನಂದುಕೊಂಡದ್ದಕ್ಕಿಂತ ದನಿ ಜೋರಾಗಿಯೇ ಬಂದಿತ್ತು. ಬೆಂಚಿನ ಮೇಲಿದ್ದವನೊಬ್ಬ ಇನ್ನರ್ಧ ಟೀ ಹೇಳಿದ. ಚಿಕ್ಕಬೋರಯ್ಯ, "ಹಂಗಾರೆ ಕೆಂಪೇ ಇರ್ಲಿ, ಡಬ್ಬ ಬಿಚ್ಚಿದೀನಿ," ಎಂದು ಕುಂಚ ಅದ್ದಿದ.

ರಂಗಲಕ್ಷ್ಮಮ್ಮ ಮಾತ್ರ ಕ್ಯಾರಿಯರ್ ಕೆಳಗಿಡದೆ ನಿಂತೇ ಇದ್ದಳು. ನೀನು ಆಸೆಪಟ್ಟಿದ್ದ ಹಸಿರು ಸೀರೆ ಎಂದು ಯುಗಾದಿಗೆ ಅವನು ತಂದುಕೊಟ್ಟಿದ್ದ ಕೆಂಪು ಸೀರೆಯನ್ನೇ ಉಟ್ಟಿದ್ದಳು. ಗಂಡನನ್ನೊಮ್ಮೆ ನೋಡಿದಳು, ಸೀರೆಯನ್ನೊಮ್ಮೆ ನೋಡಿಕೊಂಡಳು. ಆಮೇಲೆ ಮೆಟ್ಟಿಲ ಮೇಲೆ ಕೂತು, ಸೆರಗು ಬಾಯಿಗೆ ಅಡ್ಡ ಹಿಡಿದು ನಗತೊಡಗಿದಳು.