ತಲೆಮಾಂಸದ ಎಡೆ

ಕೊಡಿಗೇಹಳ್ಳಿಯ ಚಿಕ್ಕಮುನಿಯಪ್ಪನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿ ವರ್ಷ ಕಳೆದಿತ್ತು. ಮನೆಯವರ ಬಾಯಲ್ಲಿ ಅದು ಸ್ಪ್ರಿಂಗ್. ರಕ್ತದ ಕೊಬ್ಬು ಹದಕ್ಕೆ ಬಂದಿದೆಯೆಂದು ವರದಿ ಬಂದ ದಿನವೇ ಅವನು ಮಾತ್ರೆ ನಿಲ್ಲಿಸಿದ್ದ. ಈಚೆಗೆ ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತಿದ್ದುದನ್ನು ಯಾರಿಗೂ ಹೇಳಿರಲಿಲ್ಲ. ಹೆಂಡತಿ ರಾಣಿ ಮಾತ್ರ ಸ್ಪ್ರಿಂಗ್ ಹಾಕಿಸಿದಂದಿನಿಂದ ಅವನಿಗೆ ಮಾಂಸ ಬಡಿಸಿದವಳಲ್ಲ.

ಮಹಾಲಯ ಅಮಾವಾಸ್ಯೆ ಬಂತು. ಸತ್ತ ಹಿರಿಯರಿಗೆ ಅವರು ಮೆಚ್ಚಿದ್ದನ್ನೇ ಬಾಳೆಲೆಯಲ್ಲಿ ಎಡೆಯಿಟ್ಟು, ಕೋಣೆಯ ಬಾಗಿಲು ಮುಚ್ಚಿ ಹೊರಗೆ ಕಾದು, ಆಮೇಲೆ ಅದನ್ನೇ ಪ್ರಸಾದವೆಂದು ಉಣ್ಣುವುದು ಆ ಮನೆಯ ಪದ್ಧತಿ. ಚಿಕ್ಕಮುನಿಯಪ್ಪ ಒಂದು ಎಲೆಗೆ ತಾನೇ ಬಡಿಸಿದ.

"ಅಪ್ಪನಿಗೆ ತಲೆಮಾಂಸ ಅಂದ್ರೆ ಪ್ರಾಣ."

"ಪ್ರಾಣ ಮಾವನಿಗೋ, ನಿಮಗೋ?" ಎಂದಳು ರಾಣಿ.

"ಎಡೆ ಅಪ್ಪನಿಗೆ ಕಣೇ. ಪ್ರಸಾದ ಬೇಡ ಅನ್ನೋಕಾಗತ್ತಾ?"

ಬಾಗಿಲು ತೆರೆದಾಗ ಉಳಿದ ಎಲೆಗಳು ಬಡಿಸಿದಂತೆಯೇ ಇದ್ದವು. ಆ ಒಂದು ಎಲೆಯಲ್ಲಿ ಅಗುಳೂ ಉಳಿದಿರಲಿಲ್ಲ. ಉಂಡೆದ್ದವರು ಮಡಿಸುವಂತೆ ಅದು ಮಡಚಿಕೊಂಡಿತ್ತು. ಕಿಟಕಿಗೆ ಹಾಕಿದ ಚಿಲಕ ಹಾಕಿದಂತೆಯೇ ಇತ್ತು.

ತಾಯಿ ದೊಡ್ಡಮುನಿಯಮ್ಮ ಹೊಸ್ತಿಲಲ್ಲೇ ನಿಂತಳು. "ಆ ಎಲೆಗೆ ಏನ್ ಬಡಿಸಿದ್ದೆ?"

"ಅಪ್ಪನಿಗೆ ಅಂತ ತಲೆಮಾಂಸ."

"ನಿಮ್ಮಪ್ಪ ಸಾಯೋಗಂಟ ಅದನ್ನ ಮುಟ್ಲಿಲ್ಲ ಕಣ್ಲಾ! ಅದು ನಿನ್ ಇಷ್ಟ. ಬದುಕಿರೋನು ಯಾರಾನ ತನ್ನೆಡೆ ತಾನೇ ಇಟ್ಕೋತಾನಾ?"

ಚಿಕ್ಕಮುನಿಯಪ್ಪ ನಗಲು ಹೋದ. ನಗುವಿನ ಬದಲು ದೊಡ್ಡದೊಂದು ತೇಗು ಬಂತು. ಅದರಲ್ಲಿ ಮೆಣಸು, ಕೊಬ್ಬಿನ ವಾಸನೆಯಿತ್ತು. ಬೆಳಗಿನಿಂದ ಅವನು ನೀರಲ್ಲದೆ ಬೇರೇನೂ ಮುಟ್ಟಿರಲಿಲ್ಲ. ಮರುಕ್ಷಣವೇ ಎದೆ ಹಿಡಿದು ಕುಸಿದ.

ಹೆಬ್ಬಾಳದ ಬಳಿಯ ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಕೊಳವೆಯಲ್ಲಿ ಕೆಂಪಿನ ಮೇಲೆ ಹಾಲಿನಂಥ ಬಿಳುಪು ನಿಂತಿತು. ವೈದ್ಯೆ ಅದನ್ನು ಬೆಳಕಿಗೆ ಹಿಡಿದರು.

"ಈಗಷ್ಟೇ ಭರ್ಜರಿ ಊಟ ಆಗಿದೆ, ಅಲ್ವಾ?"

"ಇಲ್ಲ ಮೇಡಂ, ಬೆಳಗಿಂದ ಉಪವಾಸ," ಎಂದಳು ರಾಣಿ.

ವೈದ್ಯೆ ಕೊಳವೆಯನ್ನು ಮತ್ತೊಮ್ಮೆ ನೋಡಿದರು. "ಮಾತ್ರೆ?"

"ರಿಪೋರ್ಟ್ ನಾರ್ಮಲ್ ಬಂತಲ್ಲ ಅಂತ ಬಿಟ್ಟೆ," ಎಂದು ಚಿಕ್ಕಮುನಿಯಪ್ಪ ತೊದಲಿದ.

"ಮಾತ್ರೆ ತಗೊಂಡಿದ್ದಕ್ಕೇ ಕಣ್ರೀ ನಾರ್ಮಲ್ ಬಂದಿದ್ದು!"

ಪರೀಕ್ಷೆಯಲ್ಲಿ ಸ್ಪ್ರಿಂಗಿನ ಒಳಗೇ ನಾಳ ಮತ್ತೆ ಕಿರಿದಾಗಿ ನೂಲಿನಷ್ಟೇ ದಾರಿ ಉಳಿದಿದ್ದುದು ಕಂಡಿತು. ತಡಮಾಡದೆ ಬಲೂನು ತೂರಿಸಿ ಅಗಲಿಸಿದರು. ರಕ್ತ ಸರಾಗವಾಗಿ ಹರಿಯಿತು, ಜೀವ ಉಳಿಯಿತೆಂದರು.

ಆದರೆ ಮನೆಗೆ ಬಂದ ಮೇಲೂ ಅವನಿಗೆ ಹಸಿವೆಂಬುದೇ ಇರಲಿಲ್ಲ. ರಾಣಿ ಗಂಜಿ ತಂದಾಗಲೆಲ್ಲ ಮುಖ ತಿರುಗಿಸಿ, "ಹೊಟ್ಟೆ ತುಂಬಿದೆ ಕಣೇ," ಎನ್ನುತ್ತಿದ್ದ. ಅವನ ಕೆನ್ನೆ ಇಳಿಯುತ್ತ ಬಂತು; ತೇಗು ಮಾತ್ರ ನಿಲ್ಲಲಿಲ್ಲ.

ಕೊನೆಗೆ ದೊಡ್ಡಮುನಿಯಮ್ಮ ಬಂದು ಮಂಚದ ಅಂಚಿನಲ್ಲಿ ಕುಳಿತಳು. ಮಗನ ಮುಖವನ್ನು ಬಹಳ ಹೊತ್ತು, ಅಪರಿಚಿತನನ್ನು ನೋಡುವಂತೆ ನೋಡಿದಳು.

"ಅವ್ವಾ," ಎಂದ ಅವನು ಕ್ಷೀಣ ಸ್ವರದಲ್ಲಿ, "ಯಾಕೋ ಹಸೀತಾ ಇದೆ."

ರಾಣಿ ಆತುರದಿಂದ ಬಟ್ಟಲು ಚಾಚಿದಳು. ಮುದುಕಿ ಅವಳ ಕೈ ತಡೆದು, "ತಡಿ, ಹಸಿದಿರೋನು ಬದುಕಿರೋನೋ, ಸತ್ತೋನೋ ನೋಡಾನ," ಎಂದು ಮಗನನ್ನು ಹೆಸರು ಹಿಡಿದು ಕೂಗಿದಳು. ಉತ್ತರ ಬರಲು ತಡವಾಯಿತು. ಅವಳು ಮತ್ತೆ ಕೂಗಿದಳು. ಅವನು ಓಗೊಟ್ಟ ಮೇಲೆಯೇ ಮೊದಲ ತುತ್ತನ್ನು ಅವನ ಬಾಯಿಗಿಟ್ಟಳು.